ಗೊರಗುಂಟೆಪಾಳ್ಯದಲ್ಲಿ ಕಟ್ಟಿದ ವಿಕ್ರಾಂತ್

ಅವತ್ತು ಮಧ್ಯಾಹ್ನ ನಮ್ಮ ವರ್ಕ್‌ಶಾಪಿನಲ್ಲಿ ನಾಲ್ವರಿದ್ದೆವು. ಬಣ್ಣದ ಗನ್ನು ತೊಳೆಯುತ್ತ ನಿಂತ ರಫೀಕ್, ಹೆಬ್ಬಾಳದ ಕಡೆಯ ಮಾಜಿ ಸೈನಿಕರ ಸಂಘವೊಂದರ ಕಾರ್ಯದರ್ಶಿ ಮಂಜುನಾಥ್, ಆ ಸಂಘದಲ್ಲಿ ನೌಕಾಪಡೆಯಿಂದ ಬಂದಿದ್ದ ಒಬ್ಬರೇ ಒಬ್ಬರಾದ ಗೋವಿಂದಸ್ವಾಮಿ, ಮತ್ತು ನಾನು. ನಡುವೆ ಮೇಜಿನ ಮೇಲೆ ಹಳೆಯ ವಿಕ್ರಾಂತ್, ನಮ್ಮ ದೇಶದ ಮೊದಲ ವಿಮಾನವಾಹಕ ಹಡಗು, ನಾಲ್ಕಡಿ ಉದ್ದದ ಮಾದರಿಯಾಗಿ ಕೂತಿತ್ತು. ಆಗಷ್ಟೇ ಕೊನೆಯ ಕೋಟ್ ಬೂದು ಬಣ್ಣ ಬಿದ್ದಿತ್ತು.

"ನೋಡಿ ಹೇಳಿ ಸಾರ್, ನಿಮ್ಮ ಹಡಗು," ಅಂದರು ಮಂಜುನಾಥ್.

ಗೋವಿಂದಸ್ವಾಮಿ ಮೇಜಿನ ಹತ್ತಿರ ಬಂದು ಬಾಗಿದರು. ಬಲಗೈ ಮೆಲ್ಲಗೆ ಮುಂದೆ ಬಂತು.

"ಅಯ್ಯೋ, ಮುಟ್ಬೇಡಿ ಸಾರ್! ಬಣ್ಣ ಹಸಿ ಇದೆ," ಅಂದೆ ನಾನು.

ಬೆಂಕಿ ತಾಗಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ "ಚೆನ್ನಾಗಿದೆಯಪ್ಪ. ಸರಿಯಾಗಿದೆ," ಅಂದರು.

ಈಗ ಮತ್ತಿಕೆರೆಯಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಇದೇ ಕಸುಬಿಗೆ ಇಳಿದಿರುವ ಹುಡುಗರು ಆಗಾಗ ಮನೆಗೆ ಬರುತ್ತಾರೆ. "ರಾಜಣ್ಣ, ನೀವು ಯಾವ್ಯಾವ ಯುದ್ಧನೌಕೆ ಮಾಡಿದೀರಾ, ಹೇಳಿ," ಅನ್ನುತ್ತಾರೆ. ಹೆಸರು ಹೇಳುವುದಕ್ಕೇನು, ಬೇಕಾದಷ್ಟಿವೆ. ಆದರೆ ಒಂದೊಂದು ಹಡಗಿನ ಹೆಸರು ಬಾಯಿಗೆ ಬಂದಾಗಲೂ ನನಗೆ ಮೊದಲು ನೆನಪಾಗುವುದು ಅದರ ತೋಪೂ ಅಲ್ಲ, ಕಂಬವೂ ಅಲ್ಲ. ಅದರ ಮುಂದೆ ನಾನು ತಲೆ ತಗ್ಗಿಸಿ ನಿಂತದ್ದು. ಅದನ್ನೇ ಬರೆಯುತ್ತೇನೆ. ಮಾದರಿ ಹೇಗೆ ಮಾಡಬೇಕೆಂದು ಅವರಿಗೆ ಯಂತ್ರ ಕಲಿಸುತ್ತದೆ. ಇದನ್ನು ಕಲಿಸುವುದಿಲ್ಲ.

ನಾನು ಸೋಲದೇವನಹಳ್ಳಿಯ ಹೊಲದ ಮನೆಯವನು. ಕಡಲು ನೋಡಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ. ತುಮಕೂರು ರಸ್ತೆಯ ಪಕ್ಕ, ಗೊರಗುಂಟೆಪಾಳ್ಯದ ಹಿಂದುಗಡೆ, ಬಸಪ್ಪ ಮೇಸ್ತ್ರಿಗಳ ಪ್ಯಾಟರ್ನ್ ಶಾಪ್ ಇತ್ತು. ಎರಕದ ಕಾರ್ಖಾನೆಯವರು ಕಬ್ಬಿಣ ಸುರಿಯುವ ಮೊದಲು ಮರದಲ್ಲಿ ಅಚ್ಚು ಮಾಡಿಸುತ್ತಾರಲ್ಲ, ಆ ಕೆಲಸ. ಮೇಸ್ತ್ರಿಗಳು ಧಾರವಾಡದ ಕಡೆಯವರು. ಕೂದಲೆಳೆ ಹೆಚ್ಚುಕಮ್ಮಿಯಾಗದ ಅವರ ಕೈ ನೋಡಿ ಯಾರೋ ನೌಕಾಪಡೆಯ ಕಚೇರಿಗೆ ಹೇಳಿದರು. ಪ್ರದರ್ಶನಕ್ಕೊಂದು ಹಡಗಿನ ಮಾದರಿ ಮಾಡಿಕೊಡಿ ಅಂತ ಬಂದರು. ಒಂದು ಎರಡಾಗಿ, ಎರಡು ಹತ್ತಾಗಿ, ಕೊನೆಗೆ ನಮ್ಮ ಅಂಗಡಿಯನ್ನು ಜನ 'ಹಡಗಿನ ಅಂಗಡಿ' ಅಂತಲೇ ಕರೆದರು. ಕಡಲಿನಿಂದ ಇಷ್ಟು ದೂರದಲ್ಲಿ ಹಡಗಿನ ಅಂಗಡಿ!

ತೋಪಿನ ನಳಿಕೆಗೆ ಇಂಜೆಕ್ಷನ್ ಸೂಜಿ, ಲಂಗರಿನ ಸರಪಳಿಗೆ ಚಿಕ್ಕಪೇಟೆಯ ಗಿಲೀಟು ಸರ, ಕಟಕಟೆಗೆ ಹಿತ್ತಾಳೆ ತಂತಿ. ಹೊಟ್ಟೆಯೆಲ್ಲ ಗಟ್ಟಿ ಮರ. ಬಂದವರಿಗೆಲ್ಲ ನಾನು ಒಂದೇ ತಮಾಷೆ ಹೇಳುತ್ತಿದ್ದೆ: "ನೋಡೋಕೆ ಜೋರಾಗಿದೆ ಸಾರ್, ಆದ್ರೆ ನೀರಿಗೆ ಬಿಟ್ರೆ ಕಲ್ಲಿನ ಹಾಗೆ ಮುಳುಗುತ್ತೆ." ಎಲ್ಲರೂ ನಗುತ್ತಿದ್ದರು.

ನಾನು ಸ್ವಂತವಾಗಿ ಜೋಡಿಸಿದ ಮೊದಲ ಹಡಗು ಹಳೆಯ ಮೈಸೂರು. ಈಗಿನದಲ್ಲ, ಅದಕ್ಕೂ ಮುಂಚಿನ ಕ್ರೂಸರ್. ಮೂತಿಯ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದ್ದ ಹಡಗು ಅಂದಮೇಲೆ ನನಗೆ ಮೈಮೇಲೆ ದೇವರು ಬಂದಂತಾಯಿತು. ಮಾದರಿಯಲ್ಲಿ ತೋಪುಗಳು ಹಡಗಿನ ಉದ್ದಕ್ಕೆ ನೇರವಾಗಿ, ವಿಶ್ರಾಂತಿಯಲ್ಲಿರುವಂತೆ ಇರಬೇಕು. ಅದು ಪದ್ಧತಿ. ನಾನು ಶೂರತನ ಕಾಣಲೆಂದು ಎಲ್ಲ ತೋಪುಗಳನ್ನೂ ಒಂದೇ ಪಕ್ಕಕ್ಕೆ ತಿರುಗಿಸಿ ಅಂಟಿಸಿದೆ. ಕಚೇರಿಯಲ್ಲಿ ಇಟ್ಟ ಮೇಲೆ ನೋಡಿದರೆ ಅಷ್ಟೂ ನಳಿಕೆಗಳು ದೊಡ್ಡ ಅಧಿಕಾರಿಯ ಕುರ್ಚಿಯ ಕಡೆಗೇ ಗುರಿ ಇಟ್ಟಿದ್ದವು. ಆತ ಮೇಸ್ತ್ರಿಗಳನ್ನು ಕೇಳಿದ, "ನನ್ನ ಮೇಲೆ ಏನ್ರೀ ಕೋಪ?"

ಮೇಸ್ತ್ರಿಗಳು ಅಲ್ಲಿ ನನ್ನನ್ನು ಬೈಯದೆ ಬಸ್ಸು ಹತ್ತಿಸಿದರು. ಯಶವಂತಪುರದ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ ಹೇಳಿದರು: "ರಾಜ್ಯಾ, ನಿನಗ ಹಡಗ ಕಾಣವಲ್ದು. ನಿನ್ನ ಕೈಚಳಕ ಅಷ್ಟ ಕಾಣಾಕತ್ತೈತಿ."

ಇದು ನಗುವ ಸಂಗತಿ. ಖುಕ್ರಿಯದು ನಗುವಂಥದ್ದಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಅರಬ್ಬೀ ಸಮುದ್ರದಲ್ಲಿ ಮುಳುಗಿದ ಹಡಗು ಅದು. ಕ್ಯಾಪ್ಟನ್ ಹಡಗನ್ನು ಬಿಟ್ಟು ಬರಲಿಲ್ಲ, ಅದರ ಜೊತೆಗೇ ಹೋದರು. ಅದರ ಮಾದರಿ ಕೈಗೆತ್ತಿಕೊಂಡ ದಿನ ಮೇಸ್ತ್ರಿಗಳು ಮರಕ್ಕೆ ಊದುಕಡ್ಡಿ ಬೆಳಗಿ, "ಈ ಹಡಗ ಮಾಡೂ ಮುಂದ ಯಾರೂ ಸೀಟಿ ಹೊಡೀಬ್ಯಾಡ್ರಿ," ಅಂದಿದ್ದರು. ಸಾಮಾನು ಒಯ್ಯಲು ಬಂದವರ ಜೊತೆ ಬಿಳಿ ಸೀರೆ ಉಟ್ಟ ಹಿರಿಯ ಹೆಂಗಸೊಬ್ಬರಿದ್ದರು. ಮಾದರಿಯನ್ನೇ ನೋಡುತ್ತ ನಿಂತಿದ್ದರು. ಅಭ್ಯಾಸಬಲ ನೋಡಿ, ನನ್ನ ಬಾಯಿ ತಾನಾಗಿ ತೆರೆಯಿತು. "ನೋಡೋಕೆ ಜೋರಾಗಿದೆ ಅಮ್ಮಾ, ಆದ್ರೆ ನೀರಿಗೆ ಬಿಟ್ರೆ..."

ಅಷ್ಟಕ್ಕೇ ನಿಲ್ಲಿಸಿದೆ. ಆದರೂ ಅವರಿಗೆ ಪೂರ್ತಿ ಕೇಳಿಸಿತ್ತು.

"ಗೊತ್ತಪ್ಪಾ," ಅಂದರು ಆಕೆ.

ಅವರ ಯಜಮಾನರು ಆ ಹಡಗಿನಲ್ಲಿದ್ದರು ಅಂತ ಆಮೇಲೆ ತಿಳಿಯಿತು. ಆ ತಮಾಷೆಯನ್ನು ಮತ್ತೆ ನಾನು ಹೇಳಿಲ್ಲ. ನಮ್ಮಜ್ಜಿ ನನ್ನ ಬಾಯಿ ನೋಡಿಯೇ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು: "ಮಾತಾಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು ಕಣ್ಲಾ. ಇಂಗೆ ಬಾಯ್ ಬುಟ್ಕೊಂಡ್ ತಿರುಗ್ಬ್ಯಾಡ." ಅಜ್ಜಿ ಮಾತು ಆವತ್ತೇ ಮನಸ್ಸಿಗೆ ಇಳಿದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮೇಸ್ತ್ರಿಗಳು ಕಲಿಸಿದ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಹಡಗಿನ ಮೇಲ್ತಟ್ಟು, ಅಂದರೆ ಡೆಕ್ಕನ್ನು ತೆಳು ಪ್ಲೈವುಡ್ಡಿನಲ್ಲಿ ಕತ್ತರಿಸುತ್ತಿದ್ದೆವು. ನಕ್ಷೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಬರೆದು, ಕಾಗದವನ್ನು ಮಗುಚಿ, ಹಲಗೆಯ ತಳಕ್ಕೆ ಅಂಟಿಸಿ, ತಳದ ಕಡೆಯಿಂದಲೇ ಗರಗಸ ಹಾಕುತ್ತಿದ್ದೆವು. ಗೀಟು, ಗೋಂದು, ಗೀರು ಎಲ್ಲ ತಳದಲ್ಲಿ ಉಳಿದು ಮೇಲ್ಮುಖ ಮದುವೆ ಹೆಣ್ಣಿನ ಮುಖದ ಹಾಗೆ ಶುಭ್ರವಾಗಿರುತ್ತಿತ್ತು. ಹಲಗೆ ತಿರುಗಿಸಿದರೆ ಎಡ ಎಡಕ್ಕೇ, ಬಲ ಬಲಕ್ಕೇ. ನನ್ನ ಕೈಗೆ ಕಾಗದ ಮಗುಚುವುದು ಉಸಿರಾಡಿದಷ್ಟು ಸಹಜವಾಗಿತ್ತು.

ಮೇಸ್ತ್ರಿಗಳು ತೀರಿಕೊಂಡ ಮೇಲೆ ಅಂಗಡಿ ನನ್ನ ಮೇಲುಸ್ತುವಾರಿಗೆ ಬಂತು. ಪೀಣ್ಯದಲ್ಲಿ ಲೇಸರ್ ಕಟಿಂಗ್ ಶುರುವಾಯಿತು. ಟ್ರೇಸಿಂಗ್ ಕೊಟ್ಟರೆ ಸ್ಕ್ಯಾನ್ ಮಾಡಿ ಬೆಳಕಿನಲ್ಲೇ ಕತ್ತರಿಸಿ ಕೊಡುತ್ತಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆ ನಾನು ಎಲ್ಲವನ್ನೂ ಲೇಸರಿಗೆ ಒಯ್ದೆ. ಲೇಸರ್ ಹಲಗೆಯ ಮೇಲ್ಮುಖದಿಂದಲೇ ಕತ್ತರಿಸುತ್ತದೆ. ಆದರೆ ನಾನು ಮಾತ್ರ ಹಳೇ ಚಾಳಿಯಂತೆ ಟ್ರೇಸಿಂಗನ್ನು ಮಗುಚಿಯೇ ಕೊಡುತ್ತಿದ್ದೆ. ಫ್ರಿಗೇಟು, ಡಿಸ್ಟ್ರಾಯರು, ಸಬ್‌ಮರೀನು, ನಾವು ಮಾಡುತ್ತಿದ್ದವೆಲ್ಲ ಎರಡೂ ಪಕ್ಕ ಒಂದೇ ಥರ ಇರುವ ಹಡಗುಗಳು. ಎಡ ಬಲ ಅದಲುಬದಲಾದರೂ ಗೊತ್ತಾಗುವಂತಿರಲಿಲ್ಲ. ತಪ್ಪು ಎಷ್ಟೋ ವರ್ಷ ಸುಮ್ಮನೆ ಬೂದಿ ಮುಚ್ಚಿದ ಕೆಂಡದ ಹಾಗೆ ಕೂತಿತ್ತು.

ಆಗ ಬಂತು ವಿಕ್ರಾಂತ್.

ಸಂಘದ ಸಭಾಂಗಣದಲ್ಲಿ ಟ್ಯಾಂಕಿನ ಮಾದರಿ ಇತ್ತು, ವಿಮಾನದ ಮಾದರಿ ಇತ್ತು. ಯಲಹಂಕ ಹತ್ತಿರವಾದ್ದರಿಂದ ಅಲ್ಲಿ ವಾಯುಪಡೆಯವರದೇ ದರ್ಬಾರು. ಹಡಗು ಮಾತ್ರ ಇರಲಿಲ್ಲ. ಗೋವಿಂದಸ್ವಾಮಿ ಬಹಳ ದಿನ ಬೆನ್ನು ಹತ್ತಿ ಅದನ್ನು ಮಂಜೂರು ಮಾಡಿಸಿದ್ದರು. ಅವರು ವಿಕ್ರಾಂತ್‌ನ ಬಾಯ್ಲರ್ ಕೋಣೆಯಲ್ಲಿ ಇದ್ದವರು. ಎಪ್ಪತ್ತೊಂದರಲ್ಲಿ ಒಂದು ಬಾಯ್ಲರ್ ಬಿರುಕು ಬಿಟ್ಟಿದ್ದರೂ, ಉಳಿದವುಗಳ ಬಲದಲ್ಲೇ ಹಡಗು ಬಂಗಾಳ ಕೊಲ್ಲಿಗೆ ಹೋಗಿ ವಿಮಾನ ಹಾರಿಸಿತು. ಸಂಘದ ಗೆಳೆಯರು ಕಾಡುತ್ತಿದ್ದರಂತೆ: "ಏನ್ ಸ್ವಾಮೇರೇ, ಅಷ್ಟು ವರ್ಷ ನೇವಿಲಿದ್ರಿ, ಸಮುದ್ರ ನೋಡಿದ್ರಾ ಇಲ್ಲಾ ಬರೀ ಒಲೆ ನೋಡಿದ್ರಾ?"

ಇದನ್ನೆಲ್ಲ ಅವರೇ ನನಗೆ ಹೇಳಿದ್ದು, ಮೊದಲು ಹೇಳಿದೆನಲ್ಲ, ಆ ಮಧ್ಯಾಹ್ನವೇ. ಮಂಜುನಾಥ್ ಬೇರೆ ಕೆಲಸವಿದೆ ಅಂತ ಗಾಡಿ ಹತ್ತಿ ಹೋದರು. ಹಿರಿಯರನ್ನು ನಾನು ಗೊರಗುಂಟೆಪಾಳ್ಯದ ಬಸ್ ಸ್ಟಾಪಿಗೆ ಬಿಡಲು ಹೊರಟೆ. ಸ್ಟಾಪಿನಲ್ಲಿ ಬಸ್ಸೊಂದು ಬಂದು ನಿಂತಿತು. ಎದುರಿಗೇ ಬೋರ್ಡು.

"ಇದು ಯಾವ್ದಪ್ಪಾ?" ಅಂದರು.

ನಾನು ಅವರ ಮುಖ ನೋಡಿದೆ. ಅವರಿಗೆ ಅದು ತಿಳಿಯಿತೇನೋ, ತಾವೇ ಹೇಳಿದರು. "ಬೆಳಕು ನೆರಳು ಅಷ್ಟೇ ಕಣಪ್ಪ ಈಗ. ಮಗಳಿಗೆ ಹೇಳಿಲ್ಲ. ಹೇಳಿದ್ರೆ ಮನೆಯಿಂದ ಆಚೆ ಬಿಡಲ್ಲ. ಕೆರೆ ಕಡೆ ಹೋಗ್ತೀನಿ, ಸಂಘಕ್ಕೆ ಹೋಗ್ತೀನಿ, ದಾರಿಯೆಲ್ಲ ಕಾಲಿಗೆ ಗೊತ್ತು. ನೀನೂ ಯಾರಿಗೂ ಹೇಳ್ಬೇಡ."

"ಮತ್ತೆ ಹಡಗು ಸರಿಯಾಗಿದೆ ಅಂದ್ರಿ?"

"ನಿನ್ನ ಕೈ ಮೇಲೆ ನಂಬಿಕೆಯಪ್ಪ," ಅಂದು ನಕ್ಕರು. "ನಿಜವಾದ ಹಡಗನ್ನ ಒಡೆದು ಗುಜರಿಗೆ ಹಾಕಿದ್ರು. ಆ ಹೆಸರಲ್ಲಿ ಹೊಸದು ಬಂದಿದೆ, ಬರ್ಲಿ, ಸಂತೋಷ. ನಾನಿದ್ದದ್ದು ಅಂತ ತೋರ್ಸೋಕೆ ನನಗೆ ಇದೊಂದೇ ಉಳಿಯೋದು."

ಇಷ್ಟು ಕೇಳಿದ ಮೇಲಾದರೂ ನಾನು ವಾಪಸು ಹೋಗಿ ಮಾದರಿಯನ್ನು ಇನ್ನೊಮ್ಮೆ ತಾಳೆ ನೋಡಬೇಕಿತ್ತು. ನೋಡಿದೆ ಕೂಡ, ಆದರೆ ನೋಡಬೇಕಾದ ರೀತಿಯಲ್ಲಲ್ಲ. ವಿಮಾನವಾಹಕದ ಮೇಲೆ ಒಂದೇ ಪಕ್ಕದಲ್ಲಿ ಕಟ್ಟಡದಂಥದ್ದು ಇರುತ್ತದೆ. ಕಪ್ತಾನನ ಕೋಣೆ, ಹೊಗೆ ಕೊಳವೆ ಎಲ್ಲ ಅಲ್ಲೇ. ಐಲ್ಯಾಂಡ್ ಅನ್ನುತ್ತಾರೆ. ಅದು ಇರಬೇಕಾದ್ದು ಹಡಗಿನ ಬಲಕ್ಕೆ. ನನ್ನ ಗೋಡೆಯ ಮೇಲಿದ್ದ ಫೋಟೋ ಹಡಗಿನ ಮುಂದಿನಿಂದ ತೆಗೆದದ್ದು. ಎದುರು ನಿಂತವನಿಗೆ ಅದರ ಬಲ ತನ್ನ ಎಡಕ್ಕೆ ಕಾಣುತ್ತದೆ. ನಾನು ಕೂರುತ್ತಿದ್ದದ್ದು ಮಾದರಿಯ ಹಿಂದುಗಡೆ. ಮಗುಚಿದ ಟ್ರೇಸಿಂಗಿನಿಂದಾಗಿ ನನ್ನ ಐಲ್ಯಾಂಡೂ ಎಡಕ್ಕೇ ಬಂದಿತ್ತು. ಫೋಟೋದಲ್ಲೂ ಎಡ, ಮೇಜಿನ ಮೇಲೂ ಎಡ. ತಾಳೆಯಾಯಿತು ಅಂದುಕೊಂಡು ಬಾಗಿಲು ಹಾಕಿ ಮನೆಗೆ ಹೋದೆ.

ಅನಾವರಣದ ದಿನ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿ ನೌಕಾಪಡೆಯ ನಿವೃತ್ತ ಅಧಿಕಾರಿಯೊಬ್ಬರು. ಎರಡನೇ ಸಾಲಿನಲ್ಲಿ ಗೋವಿಂದಸ್ವಾಮಿಯವರ ಮಗಳು ಸರೋಜಮ್ಮ. ಹಿರಿಯರು ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಪದಕ ಹಾಕಿಕೊಂಡು ಯಾರ ಕೈಯೂ ಹಿಡಿಯದೆ ಮೇಜಿನವರೆಗೆ ನಡೆದರು. ಅದಕ್ಕಾಗಿ ಹಿಂದಿನ ದಿನವೇ ಬಂದು ನಡೆದು ನೋಡಿಕೊಂಡು ಹೋಗಿದ್ದರು ಅಂತ ನನಗೆ ಮಾತ್ರ ಗೊತ್ತಿತ್ತು. ಬಟ್ಟೆ ಎಳೆದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಿಂತು ನಾನೂ ತಟ್ಟಿದೆ.

ಅಧಿಕಾರಿ ಬಗ್ಗಿದರು. ಮುಂದೆ ಬಂದು ನೋಡಿದರು, ಹಿಂದೆ ಹೋಗಿ ನೋಡಿದರು.

"ಐಲ್ಯಾಂಡ್ ಎಡಗಡೆ ಯಾಕಿದೆ?"

ಬಹಳ ಮೆತ್ತಗೆ ಕೇಳಿದ್ದು. ಆದರೆ ಮೈಕು ಹತ್ತಿರದಲ್ಲೇ ಇತ್ತು.

ಮಂಜುನಾಥ್ ಗಾಬರಿಯಾಗಿ, "ಸಾರ್, ನಮ್ಮ ಗೋವಿಂದಸ್ವಾಮಿಯವ್ರೇ ಅಂಗಡಿಗೆ ಹೋಗಿ ನೋಡಿ ಸರಿಯಿದೆ ಅಂದ್ರು," ಅಂದುಬಿಟ್ಟರು.

ವಾಯುಪಡೆಯ ಸಾಲಿನಿಂದ ಯಾರೋ ಕೂಗಿದರು: "ಸ್ವಾಮೇರೇ, ಎಡ ಬಲ ಮರ್ತೋಯ್ತಾ? ಹಡಗು ಹತ್ತಿದ್ದಾದ್ರೂ ನಿಜಾನಾ?" ಇಡೀ ಸಾಲು ನಕ್ಕಿತು. ಗೆಳೆಯರ ನಗುವೇ, ವಿಷವೇನಿರಲಿಲ್ಲ.

ಹಿರಿಯರು ಮೇಜಿನ ಅಂಚು ಹಿಡಿದು ನೆಟ್ಟಗೆ ನಿಂತರು. "ವಯಸ್ಸಾಯ್ತು ಸಾರ್," ಅಂದರು ಅಧಿಕಾರಿ ಇದ್ದ ದಿಕ್ಕಿಗೆ. "ಮರೆವು. ನಾನು ಸರಿಯಾಗಿ ಹೇಳ್ಲಿಲ್ಲ. ಮಾಡಿದೋನ ತಪ್ಪಲ್ಲ."

ಅಲ್ಲಿಗೆ ಮುಗಿಯುತ್ತಿತ್ತು. ಮರೆವಿನ ಮುದುಕ ಅನ್ನಿಸಿಕೊಂಡು, ನಾಲ್ಕು ದಿನ ಚೇಷ್ಟೆ ಮಾಡಿಸಿಕೊಂಡು, ಐದನೆಯ ದಿನ ಒಬ್ಬರೇ ಕೆರೆಯ ಕಡೆ ನಡೆದು ಹೋಗುತ್ತಿದ್ದರು. ಅವರು ಆರಿಸಿಕೊಂಡದ್ದು ಅದನ್ನು. ನನಗೆ ಮಾತ್ರ ತಡೆಯಲಾಗಲಿಲ್ಲ. ನನ್ನ ತಪ್ಪನ್ನು ಅವರು ಹೊರುವುದೇ? ನ್ಯಾಯವಂತನ ಹಾಗೆ ಮುಂದೆ ನುಗ್ಗಿದೆ.

"ಇಲ್ಲ ಸಾರ್! ಅವರದೇನೂ ತಪ್ಪಿಲ್ಲ. ಪೂರಾ ನಂದೇ. ಅವರಿಗೆ ಕಣ್ಣೇ ಕಾಣ್ಸಲ್ಲ ಸಾರ್, ಹೆಂಗೆ ಹೇಳ್ತಾರೆ?"

ನಗು ನಿಂತಿತು. ಎರಡನೇ ಸಾಲಿನಲ್ಲಿ ಸರೋಜಮ್ಮ ಎದ್ದು ನಿಂತರು.

"ಅಪ್ಪಾ?" ಅಂದರು.

ಆಮೇಲೆ ಎಲ್ಲರೂ ಅವರಿಗೆ ತುಂಬಾ ಒಳ್ಳೆಯವರಾದರು. ಅಧಿಕಾರಿ ಕೈ ಹಿಡಿದುಕೊಂಡರು. ಕೂಗಿದ ಮನುಷ್ಯ ಓಡಿ ಬಂದು ಕುರ್ಚಿ ಹಾಕಿದ. ಯಾರೋ ನೀರು ತಂದರು. ಇಬ್ಬರು ಎರಡು ಕಡೆಯಿಂದ ತೋಳು ಹಿಡಿದು ಮೆಟ್ಟಿಲಿಳಿಸಿದರು. ಬರುವಾಗ ಒಬ್ಬರೇ ಹತ್ತಿದ್ದ ಮೆಟ್ಟಿಲು ಅದು. ನನ್ನ ಪಕ್ಕದಲ್ಲಿ ಹಾದು ಹೋಗುವಾಗ ನನ್ನ ಉಸಿರಿನಿಂದಲೋ, ಅಂಗಿಯ ಥಿನ್ನರ್ ವಾಸನೆಯಿಂದಲೋ ಗುರುತು ಹಿಡಿದು ನಿಂತರು.

"ಯಾಕಪ್ಪಾ?" ಅಂದರು. ಅಷ್ಟೇ.

ಮಾಡಿದ ತಪ್ಪಿಗೆ ಬೈಸಿಕೊಂಡಿದ್ದೇನೆ, ಉಗಿಸಿಕೊಂಡಿದ್ದೇನೆ. ಅದೆಲ್ಲ ತೊಳೆದರೆ ಹೋಗುತ್ತದೆ. ಈ ನಾಚಿಕೆ ಹೋಗಿಲ್ಲ. ಆವತ್ತು ನಾನು ಎತ್ತಿ ಹಿಡಿದದ್ದು ಅವರ ಮರ್ಯಾದೆಯನ್ನು ಅಂದುಕೊಂಡಿದ್ದೆ. ಮನೆಗೆ ಬಂದು ಕೂತು ಯೋಚಿಸಿದರೆ ಕಂಡದ್ದು ಬೇರೆ: ಎಲ್ಲರೆದುರು ತಪ್ಪೊಪ್ಪಿಕೊಂಡ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆಯೂ ಅದರಲ್ಲಿ ಬೆರೆತಿತ್ತು. ಮೈಸೂರಿನ ತೋಪು ತಿರುಗಿಸಿದ ಹಾಗೆಯೇ. ಮೇಸ್ತ್ರಿಗಳು ಇದ್ದಿದ್ದರೆ ಯಶವಂತಪುರದ ಸರ್ಕಲ್ಲಿನವರೆಗೂ ಕಾಯದೆ ಅಲ್ಲೇ ಹೇಳುತ್ತಿದ್ದರು.

ಮಾದರಿ ವಾಪಸು ಬಂತು. ಡೆಕ್ಕನ್ನು ಕಿತ್ತು, ಲೇಸರಿಗೆ ಒಯ್ಯದೆ, ಮೇಸ್ತ್ರಿಗಳ ಹಳೇ ಗರಗಸದಲ್ಲೇ ಹೊಸದನ್ನು ಕತ್ತರಿಸಿದೆ. ಅದರ ನಡುವೆ ಒಂದು ದಿನ ಆರ್.ಟಿ. ನಗರದ ಅವರ ಮನೆಗೆ ಹೋದೆ. ಸರೋಜಮ್ಮ ಕಾಫಿ ಕೊಟ್ಟರು. "ನೀವು ಹೇಳಿದ್ದೇ ಒಳ್ಳೇದಾಯ್ತು ಬಿಡಿ. ರೋಡಲ್ಲಿ ಏನಾದ್ರೂ ಆಗಿದ್ರೆ? ಈಗ ಒಬ್ಬರನ್ನೇ ಕಳ್ಸಲ್ಲ," ಅಂದರು. ಆಕೆಯ ಮಾತಿನಲ್ಲೂ ನ್ಯಾಯವಿತ್ತು. ಒಳಗಿನ ಕೋಣೆಯಲ್ಲಿ ರೇಡಿಯೊ ಹಾಡುತ್ತಿತ್ತು. ಹಿರಿಯರು ಹೊರಗೆ ಬರಲಿಲ್ಲ. ಬಾಗಿಲಲ್ಲಿ ನಿಂತು, "ಸಾರ್, ಹಡಗು ಸರಿ ಮಾಡ್ತಾ ಇದೀನಿ. ಇಡೋ ದಿನ ಬನ್ನಿ," ಅಂದೆ. ರೇಡಿಯೊ ಸದ್ದು ಸ್ವಲ್ಪ ಕಡಿಮೆಯಾಯಿತು.

ಎರಡನೇ ಸಲ ಸಮಾರಂಭವಿರಲಿಲ್ಲ. ಮಂಜುನಾಥ್ ಬೇಗ ಬೇಗ ಅಂತ ಅವಸರ ಮಾಡಿದ್ದರು. ಮೋಡದ ದಿನಗಳು, ಬಣ್ಣ ಆರುವುದಕ್ಕೆ ಇನ್ನೂ ಎರಡು ದಿನ ಬೇಕಿತ್ತು. ಹಾಗೇ ಒಯ್ದು ಮೇಜಿನ ಮೇಲೆ ಇಟ್ಟೆ. ಗಾಜಿನ ಪೆಟ್ಟಿಗೆ ಪಕ್ಕದಲ್ಲಿತ್ತು. ನೋಡುತ್ತೇನೆ, ಸರೋಜಮ್ಮ ತಂದೆಯ ಕೈ ಹಿಡಿದುಕೊಂಡು ಬರುತ್ತಿದ್ದಾರೆ. ಇದ್ದ ನಾಲ್ಕಾರು ಜನ ನೋಡಿ, ಈ ಸಲ ಸರಿಯಾಗಿದೆ ಅಂತ ಹೇಳಿ, ಟೀ ಕುಡಿಯಲು ಹೊರಗೆ ಹೋದರು. ಹಿರಿಯರು, "ನೀನೂ ಹೋಗಮ್ಮ, ಟೀ ಕುಡ್ಕೊಂಡು ಬಾ," ಅಂದರು. ಮಗಳೂ ಹೋದರು.

"ಯಾರಾದ್ರೂ ಇದಾರೇನಪ್ಪಾ?"

"ಯಾರೂ ಇಲ್ಲ ಸಾರ್. ನಾನೊಬ್ಬನೇ."

"ಬಣ್ಣ?"

"ಒಣಗಿದೆ ಸಾರ್," ಅಂದೆ.

ಕೈ ಇಟ್ಟರು. ಮೂತಿಯಿಂದ ಶುರುಮಾಡಿ ಡೆಕ್ಕಿನ ಉದ್ದಕ್ಕೂ ಬೆರಳು ಜಾರಿಸಿಕೊಂಡು ಹೋದರು. ಐಲ್ಯಾಂಡ್ ಸಿಕ್ಕಿತು. ಹಡಗಿನ ಬಲಕ್ಕೆ. ಅದರ ಬುಡದಲ್ಲಿ ಬೆರಳು ನಿಂತಿತು.

"ಕೆಳಗಿನ ಶೆಖೆ ತಡೀದೆ ಮೇಲೆ ಬಂದಾಗ ಇಲ್ಲಿ ಕೂರ್ತಿದ್ದೆ," ಅಂದರು. "ನಮ್ಮ ಬಾಯ್ಲರ್ ಹೊಗೆ ತಲೆ ಮೇಲೇ ಹೋಗೋದು. ಸಮುದ್ರ ಚೆನ್ನಾಗಿ ಕಾಣ್ತಿತ್ತು."

ನನ್ನ ಹೆಗಲ ಮೇಲೂ ಒಮ್ಮೆ ಕೈ ಇಡಬಹುದೇನೋ ಅಂತ ಕಾದೆ. ಇಡಲಿಲ್ಲ. ಮಗಳು ಬಂದ ಮೇಲೆ ಇಬ್ಬರೂ ಹೋದರು.

ಮರುದಿನ ಮಂಜುನಾಥ್ ಫೋನು ಮಾಡಿ ಬರಹೇಳಿದರು. ಡೆಕ್ಕಿನ ಮೇಲೆ ಮೂತಿಯಿಂದ ಐಲ್ಯಾಂಡಿನವರೆಗೆ ಬೆರಳ ಗುರುತು ಗೀರಿಕೊಂಡು ಗಟ್ಟಿಯಾಗಿತ್ತು.

"ಏನ್ರೀ ರಾಜಣ್ಣ ಇದು? ಮತ್ತೆ ಎಡವಟ್ಟಾ? ಯಾರ್ರೀ ಮುಟ್ಟಿದ್ದು?"

"ನಂದೇ ಕೈ ಸಾರ್," ಅಂದೆ. "ಹಸಿ ಇದ್ದಾಗ ಮುಟ್ಟಿಬಿಟ್ಟೆ."

ಇನ್ನು ಮುಂದೆ ನಿಮ್ಮ ಅಂಗಡಿಗೆ ಕೆಲಸ ಕೊಡುವುದಿಲ್ಲ ಅಂದರು. ಆಗಲಿ ಅಂದೆ. ಇಬ್ಬರೂ ಸೇರಿ ಗಾಜಿನ ಪೆಟ್ಟಿಗೆ ಎತ್ತಿ ಹಡಗಿನ ಮೇಲೆ ಮುಚ್ಚಿದೆವು.